ಗರಿಯ ಮೇಲಿನ ಕಪ್ಪನ್ನು ಗುರುತಿಸುವ ಕ್ರಮ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹಿಡುವಳಿದಾರರು ತೆಂಗಿನ ಗರಿ ಕಪ್ಪಾದೊಡನೆ ವಿಷವನ್ನು ಸಿಂಪಡಿಸಬಾರದು. ಮೊದಲು ಒದ್ದೆಬಟ್ಟೆಯಿಂದ ಒರೆಸಿ ನೋಡತಕ್ಕದ್ದು.

ಕಾಡುಮರಗಳ ಎಲೆಯಲ್ಲಿ ಮಖಮಲ್ಲಿನಂತೆ ದುಂಡಗೆ ಮೂಡಿ, ಒರೆಸಿದರೂ ಹೋಗದ ಕರಿಮಚ್ಚೆಯು ಮೆಲಿಯೋಲ ಎಂಬ ಬೂಷ್ಟು. ಅದು ಎಲೆಯೊಳಕ್ಕೆ ಎಳೆಗಳನ್ನಿಳಿಸಿ ರಸವನ್ನು ಹೀರುತ್ತದೆ.

ತೆಂಗಿನ ಕಪ್ಪಾದರೋ ಪೊರೆಯಂತೆ ಕಳಚಿ, ಅಡಿಯಲ್ಲಿ ಹಸುರು ಕಾಣುವುದು. ಇದು ಗರಿಯ ರಸವನ್ನುಣ್ಣದೆ, ಬಿಳಿನೊಣವು ಸುರಿಸುವ ಸಿಹಿಯಂಟಿನ ಮೇಲೆ ಬೆಳೆದು, ಬೆಳಕನ್ನು ತಡೆದು ಗರಿಯನ್ನು ಸೊರಗಿಸುತ್ತದೆ. ಈ ಸುರುಳಿ ಬಿಳಿನೊಣವು 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ಕಂಡುಬಂದು, ಮುಂದೆ ಕರ್ನಾಟಕಕ್ಕೂ ಹರಡಿತು.

ನೊಣದ ಮರಿಯನ್ನು ಎನ್ಕಾರ್ಸಿಯ ಎಂಬ ಕಿರುಕಣಜವು ಕೊಲ್ಲುತ್ತದೆ. ವಿಷವು ಈ ಕಣಜವನ್ನೂ ಅಳಿಸುವುದು. ಆದಕಾರಣ 100 ಲೀಟರು ನೀರಿಗೆ 1 ಕಿಲೋ ಗಂಜಿಪುಡಿಯನ್ನು ಕಾಯಿಸಿ, ಆರಿಸಿ ಸಿಂಪಡಿಸತಕ್ಕದ್ದು. ಗಂಜಿಯು ಒಣಗಿ ಉದುರುವಾಗ ಕಪ್ಪೂ ಉದುರುವುದು. ಗ್ರಾಮದ ಮುಖಂಡರು ಇದನ್ನು ಸರ್ವರಿಗೂ ತಿಳಿಯಪಡಿಸತಕ್ಕದ್ದು.