ಜ್ವಾಲೆಯ ರೋಹಿತ: ಬೆಂಕಿ ಆರುವ ಬಗೆಯ ಅಧ್ಯಯನ

ದೃಷ್ಟಿ ನಿವಾಳಿಸಿದ ಉಪ್ಪು, ಮೆಣಸಿನಕಾಯಿಗಳನ್ನು ಒಲೆಗೆ ಹಾಕುವ ರೂಢಿ ಕರ್ನಾಟಕದ ಹಲವೆಡೆ ಇದೆ. ಮೆಣಸಿನ ಘಾಟು ಬಾರದಿದ್ದರೆ ದೃಷ್ಟಿಯಾಗಿತ್ತೆಂದು ಜನಪದರು ನಿರ್ಣಯಿಸುತ್ತಾರೆ. ಉಪ್ಪು ಬಿದ್ದ ಉರಿ ಹಳದಿಯಾಗುವುದಕ್ಕೆ ಕಾರಣ ಅದರಲ್ಲಿರುವ ಸೋಡಿಯಂ. ಒಣಪುಡಿಯ ಅಗ್ನಿಶಾಮಕಗಳಲ್ಲಿ ಬಳಸುವ ಸೋಡಿಯಂ ಬೈಕಾರ್ಬೊನೇಟಿನಲ್ಲಿಯೂ ಇದೇ ಧಾತುವಿದೆ. ಬೆಂಕಿಗೆ ಬಿದ್ದ ದ್ರವ್ಯ ಅಲ್ಲಿ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಉತ್ತರವನ್ನು ಬೆಂಕಿಯ ಬೆಳಕಿನಲ್ಲಿಯೇ ಹುಡುಕುವ ಶಾಸ್ತ್ರ ರೋಹಿತದರ್ಶನ, ಅಂದರೆ ಸ್ಪೆಕ್ಟ್ರೊಸ್ಕೋಪಿ.

1860ರ ಸುಮಾರಿಗೆ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ರಾಬರ್ಟ್ ಬುನ್ಸೆನ್ ಮತ್ತು ಗುಸ್ಟಾವ್ ಕಿರ್ಖಾಫ್ ಈ ಶಾಸ್ತ್ರಕ್ಕೆ ತಳಹದಿ ಹಾಕಿದರು. ಪ್ರತಿಯೊಂದು ಧಾತುವೂ ತನ್ನದೇ ಆದ ರೇಖೆಗಳನ್ನು ಹೊಮ್ಮಿಸುತ್ತದೆಯೆಂದು ಅವರು ತೋರಿಸಿದರು. ಸೋಡಿಯಂನ ಹಳದಿ ರೇಖೆಗಳು 589 ನ್ಯಾನೊಮೀಟರ್ ಸುಮಾರಿನಲ್ಲಿವೆ. ಆದರೆ ಬಣ್ಣವು ಧಾತುವಿನ ಇರವನ್ನು ಮಾತ್ರ ಸಾರುತ್ತದೆ, ಅದರ ಕಾರ್ಯವನ್ನಲ್ಲ.

ಕಾರ್ಯವನ್ನು ಅರಿಯಲು ಉರಿಯ ಒಳಗನ್ನು ನೋಡಬೇಕು. ಹೈಡ್ರೋಜನ್ ಪರಮಾಣುವೊಂದು ಆಮ್ಲಜನಕದ ಅಣುವಿನೊಡನೆ ವರ್ತಿಸಿದಾಗ ಹೈಡ್ರಾಕ್ಸಿಲ್ ಮತ್ತು ಆಮ್ಲಜನಕದ ಪರಮಾಣು ಎಂಬ ಎರಡು ಚುರುಕಾದ ಕಣಗಳು ಹುಟ್ಟುತ್ತವೆ. ಒಂದು ಎರಡಾಗುವ ಈ ಸರಪಳಿಯೇ ಉರಿಯ ಜೀವಾಳ. ನೀರು ಮುಖ್ಯವಾಗಿ ಶಾಖವನ್ನು ಹೀರಿ ಬೆಂಕಿಯನ್ನು ತಣಿಸುತ್ತದೆ. ರಾಸಾಯನಿಕ ಶಾಮಕಗಳು ಇದರೊಂದಿಗೆ ಸರಪಳಿಯನ್ನೂ ಕಡಿಯುತ್ತವೆ.

ಈ ಭೇದವನ್ನು ಗುರುತಿಸಲು ಹೈಡ್ರಾಕ್ಸಿಲ್ ನೆರವಾಗುತ್ತದೆ. ಕಣ್ಣಿಗೆ ಕಾಣದ ಅತಿನೇರಳೆ ಭಾಗದಲ್ಲಿ, 308 ನ್ಯಾನೊಮೀಟರ್ ಸುಮಾರಿನಲ್ಲಿ, ಅದರ ಪಟ್ಟಿಗಳಿವೆ. 283 ನ್ಯಾನೊಮೀಟರ್ ಸುಮಾರಿನ ಲೇಸರ್ ಕಿರಣವನ್ನು ಜ್ವಾಲೆಗೆ ಹಾಯಿಸಿದರೆ ಹೈಡ್ರಾಕ್ಸಿಲ್ ಅದನ್ನು ಹೀರಿ ಪ್ರತಿದೀಪ್ತಿಯನ್ನು ಹೊರಸೂಸುತ್ತದೆ. ಅದರ ತೀವ್ರತೆಯಿಂದ ಕಣದ ಪ್ರಮಾಣವನ್ನು ಅಳೆಯಬಹುದು. ಬೇರೆ ಬೇರೆ ರೇಖೆಗಳನ್ನು ಹೋಲಿಸಿ ತಾಪಮಾನವನ್ನೂ ತಿಳಿಯಬಹುದು. ಶಾಮಕ ಸೇರಿದಾಗ ಹೈಡ್ರಾಕ್ಸಿಲ್ ಕೇವಲ ತಂಪಿನಿಂದ ಆಗಬೇಕಾದುದಕ್ಕಿಂತ ಹೆಚ್ಚು ಕುಸಿದರೆ, ಅಲ್ಲಿ ರಾಸಾಯನಿಕ ಕ್ರಿಯೆ ನಡೆದಿದೆಯೆಂದು ತರ್ಕಿಸಬಹುದು.

ಹ್ಯಾಲಾನ್ 1301 ಇದಕ್ಕೆ ಪ್ರಸಿದ್ಧ ನಿದರ್ಶನ. ಅದರಲ್ಲಿರುವ ಬ್ರೋಮಿನ್ ಉರಿಯಲ್ಲಿ ಹೈಡ್ರೋಜನ್ ಬ್ರೋಮೈಡ್ ಆಗಿ ಹೈಡ್ರೋಜನ್ ಪರಮಾಣುಗಳನ್ನು ಸೆಳೆದುಕೊಳ್ಳುತ್ತದೆ. ಮತ್ತೆ ಬಿಡುಗಡೆಗೊಂಡು ಅದೇ ಕೆಲಸಕ್ಕೆ ತೊಡಗುತ್ತದೆ. ಆದ್ದರಿಂದಲೇ ಅಲ್ಪ ಪ್ರಮಾಣವೂ ಸಾಕಾಗುತ್ತದೆ. ಮೇಲಿನ ವಾಯುಮಂಡಲವನ್ನು ತಲುಪಿದ ಬ್ರೋಮಿನ್ ಇದೇ ಬಗೆಯಲ್ಲಿ ಮರಳಿ ಮರಳಿ ಓಜೋನನ್ನು ನಾಶಮಾಡುತ್ತದೆಂಬುದು ದುರ್ದೈವ. ಗುಣವೇ ದೋಷವಾದ ಈ ದ್ರವ್ಯವನ್ನು 1987ರ ಮಾಂಟ್ರಿಯಲ್ ಒಪ್ಪಂದ ನಿಯಂತ್ರಣಕ್ಕೆ ಒಳಪಡಿಸಿತು. ಹ್ಯಾಲಾನ್‌ಗಳ ಸಾಮಾನ್ಯ ಬಳಕೆಯ ಉತ್ಪಾದನೆಗೆ ಅಭಿವೃದ್ಧ ರಾಷ್ಟ್ರಗಳಲ್ಲಿ 1994ರಿಂದಲೂ ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿ 2010ರಿಂದಲೂ ತೆರೆಬಿದ್ದಿತು.

ಬದಲಿಯಾಗಿ ಬಂದ ಎಚ್‌ಎಫ್‌ಸಿ-227ಇಎ ಅನಿಲದಲ್ಲಿ ಬ್ರೋಮಿನ್ ಇಲ್ಲ. ಅದು ಹೆಚ್ಚಾಗಿ ಶಾಖವನ್ನು ಹೀರಿಯೇ ಬೆಂಕಿಯನ್ನು ಆರಿಸುವುದರಿಂದ ಹೆಚ್ಚು ಪ್ರಮಾಣದಲ್ಲಿ ಬೇಕಾಗುತ್ತದೆ. ಉರಿಯಲ್ಲಿ ಅದು ಒಡೆದಾಗ ವಿಷಕಾರಿ ಹೈಡ್ರೋಜನ್ ಫ್ಲೋರೈಡ್ ಹುಟ್ಟುವುದನ್ನು ಅವಕೆಂಪು ರೋಹಿತದರ್ಶನದಿಂದ ಪತ್ತೆಹಚ್ಚಬಹುದು. ಭೂಮಿಯನ್ನು ಬಿಸಿಮಾಡುವ ಈ ಅನಿಲವೂ 2016ರ ಕಿಗಾಲಿ ತಿದ್ದುಪಡಿಯ ವ್ಯಾಪ್ತಿಗೆ ಸೇರಿದೆ.

ಹೀಗಾಗಿ ಬದಲಿ ದ್ರವ್ಯದ ಶೋಧ ಇನ್ನೂ ಮುಗಿದಿಲ್ಲ. ಬೆಂಕಿ ಆರಿತೆಂಬುದು ಬರಿಗಣ್ಣಿಗೂ ಕಾಣುತ್ತದೆ. ಏಕೆ ಆರಿತು, ಆರಿಸಿದ್ದಕ್ಕೆ ತೆತ್ತ ಬೆಲೆಯೇನು ಎಂಬುದನ್ನು ಅರಿಯಲು ಕಣ್ಣಿಗೆ ಕಾಣದ ಬೆಳಕನ್ನೇ ಓದಬೇಕಾಗುತ್ತದೆ.