ಫೀನಿಕ್ಸ್ ನಗರದ ಅನ್ನದ ಉಗ್ರಾಣ

ಮೈಸೂರು ಸೀಮೆಯನ್ನು 1876ರಿಂದ 1878ರ ವರೆಗೆ ಪೀಡಿಸಿದ ಧಾತು-ಈಶ್ವರ ಬರದಲ್ಲಿ ಲಕ್ಷಾಂತರ ಜನ ಅಸುನೀಗಿದರು. ಮಳೆ ಹೋಗಿ, ಪೈರು ಒಣಗಿ, ಕಣಜ ಬರಿದಾಗಿ, ಧಾನ್ಯದ ಬೆಲೆ ಬಡವನ ಕೈಗೆಟುಕದಂತೆ ಏರಿದಾಗ ಒದಗಿದ ಹಸಿವು ಅದು, ಮತ್ತು ಅದರ ಕಾರಣಗಳು ಯಾರ ಕಣ್ಣಿಗಾದರೂ ಬೀಳುವಂಥವು. ಆದರೆ ಹೊಲಗಳು ತುಂಬಿ ಬೆಳೆದು, ಅಂಗಡಿಗಳಲ್ಲಿ ಪದಾರ್ಥಗಳು ಹಿಡಿಸಲಾರದಷ್ಟಿದ್ದು, ಮಿಕ್ಕದ್ದನ್ನು ದಿನದಿನವೂ ಕಸದ ತೊಟ್ಟಿಗೆ ಸುರಿಯುತ್ತಿರುವ ದೇಶದಲ್ಲಿಯೂ ಲಕ್ಷಗಟ್ಟಲೆ ಕುಟುಂಬಗಳು ನಾಳೆಯ ಊಟದ ಚಿಂತೆಯಲ್ಲಿ ಮಲಗುತ್ತವೆಯೆಂಬುದನ್ನು ಮೊದಲ ಸಲ ಕೇಳಿದವರು ನಂಬುವುದು ಕಷ್ಟ. ಅಮೆರಿಕ ಸರ್ಕಾರದ ಕೃಷಿ ಇಲಾಖೆಯೇ 2023ನೆಯ ವರ್ಷದಲ್ಲಿ ಆ ದೇಶದ 1 ಕೋಟಿ 80 ಲಕ್ಷ ಮನೆಗಳಿಗೆ, ಎಂದರೆ ಒಟ್ಟು ಮನೆಗಳಲ್ಲಿ ಶೇಕಡ 13.5ರಷ್ಟಕ್ಕೆ, ವರ್ಷದಲ್ಲಿ ಯಾವಾಗಲಾದರೊಮ್ಮೆ ಆಹಾರದ ಭದ್ರತೆ ತಪ್ಪಿತ್ತೆಂದು ಗಣಿಸಿತು. ಅದೇ ಇಲಾಖೆ, ದೇಶದ ಆಹಾರದಲ್ಲಿ ನೂರಕ್ಕೆ ಮೂವತ್ತರಿಂದ ನಲವತ್ತು ಪಾಲು ಯಾರ ಹೊಟ್ಟೆಯನ್ನೂ ಸೇರದೆ ವ್ಯರ್ಥವಾಗುತ್ತದೆಂದೂ ಹೇಳುತ್ತದೆ. ಈ ಎರಡು ಸತ್ಯಗಳೂ ಒಂದೇ ಊರಿನಲ್ಲಿ, ಎಷ್ಟೋ ವೇಳೆ ಒಂದೇ ಬೀದಿಯಲ್ಲಿ, ಪರಸ್ಪರ ಪರಿಚಯವಿಲ್ಲದೆ ಬಾಳುತ್ತಿದ್ದುದನ್ನು ಕಂಡು, ಅವುಗಳ ನಡುವಣ ಅಂತರವನ್ನು ದಾಟಿಸುವುದೇ ಒಂದು ಉದ್ಯೋಗವಾಗಬೇಕೆಂದು ಮನಗಂಡ ಮೊದಲ ಸಂಸ್ಥೆ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ 1967ರಲ್ಲಿ ಹುಟ್ಟಿತು.

ಅದರ ಮೂಲಪುರುಷರು ಜಾನ್ ವ್ಯಾನ್ ಹೆಂಗಲ್. 1923ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯದಲ್ಲಿ ನಾನಾ ಉದ್ಯೋಗಗಳನ್ನು ಮಾಡಿ, ಸಂಸಾರವೂ ಮುರಿದು ದೇಹವೂ ಜಖಂಗೊಂಡು, ನಡುವಯಸ್ಸಿನಲ್ಲಿ ಫೀನಿಕ್ಸನ್ನು ಸೇರಿದ ಇವರು, ಸೇಂಟ್ ವಿನ್ಸೆಂಟ್ ಡಿ ಪಾಲ್ ಸಂಘದ ಅನ್ನಛತ್ರದಲ್ಲಿ ಸ್ವಯಂಸೇವಕರಾಗಿ ದುಡಿಯತೊಡಗಿದರು. ಫೀನಿಕ್ಸ್ ಸುತ್ತಣ ಕಣಿವೆ ಕಿತ್ತಳೆ, ನಿಂಬೆ, ಚಕ್ಕೋತದ ಜಾತಿಯ ಹಣ್ಣುಗಳಿಗೆ ಹೆಸರಾದ ನೆಲ. ಮನೆಯಂಗಳಗಳಲ್ಲಿಯೂ ತೋಟಗಳಲ್ಲಿಯೂ ಕೊಯ್ಯುವವರಿಲ್ಲದೆ ಹಣ್ಣು ಉದುರಿ ಕೊಳೆಯುತ್ತಿದ್ದುದನ್ನು ನೋಡಲಾರದೆ ವ್ಯಾನ್ ಹೆಂಗಲ್ ಅವರು, ಸುಗ್ಗಿ ಮುಗಿದ ಹೊಲದಲ್ಲಿ ನಮ್ಮ ಬಡವರು ಹಕ್ಕಲಾಯುತ್ತಿದ್ದ ಹಾಗೆ, ಆ ಹಣ್ಣನ್ನು ಆಯ್ದು ತಂದು ಛತ್ರಕ್ಕೆ ಒಪ್ಪಿಸಿದರು. ಬಂದ ಹಣ್ಣು ಛತ್ರದ ಅಗತ್ಯವನ್ನು ಮೀರಿತು. ಮಿಕ್ಕದ್ದನ್ನು ಬೇರೆ ಛತ್ರಗಳಿಗೆ ಹಂಚುತ್ತ ಹೋದಾಗ, ಹಣ್ಣು ಕೊಡುವವರಿಗಾಗಲಿ ಬೇಡುವವರಿಗಾಗಲಿ ಕೊರತೆಯಿಲ್ಲ, ಇವರಿಬ್ಬರ ನಡುವೆ ನಿಂತು ಇಟ್ಟು ಹಂಚುವ ಸ್ಥಳವೊಂದೇ ಇಲ್ಲವೆಂಬುದು ಅವರಿಗೆ ಅರಿವಾಗತೊಡಗಿತು. ಆ ಅರಿವಿಗೆ ಸ್ಪಷ್ಟವಾದ ಆಕಾರ ಕೊಟ್ಟವಳು, ಗಂಡ ಸೆರೆಮನೆಯಲ್ಲಿದ್ದ, ಹತ್ತು ಮಕ್ಕಳ ಒಬ್ಬ ತಾಯಿ. ದಿನಸಿ ಅಂಗಡಿಯ ಹಿಂದಿನ ತೊಟ್ಟಿಗಳಲ್ಲಿ ಅಂಗಡಿಯವರು ಎಸೆದ, ಆದರೆ ಕೆಟ್ಟಿರದ ತರಕಾರಿ ರೊಟ್ಟಿಗಳನ್ನು ಆಯ್ದು ಮಕ್ಕಳನ್ನು ಸಾಕುತ್ತಿದ್ದ ಆಕೆ, ಜನರು ಹಣವನ್ನಿಟ್ಟು ತೆಗೆಯುವ ಬ್ಯಾಂಕಿನಂತೆ ಆಹಾರವನ್ನಿಟ್ಟು ತೆಗೆಯುವ ಸ್ಥಳವೊಂದಿದ್ದರೆ ತನ್ನಂಥವರಿಗೆ ತೊಟ್ಟಿಯ ಗತಿ ತಪ್ಪುತ್ತಿತ್ತೆಂದು ಅವರ ಮುಂದೆ ಹೇಳಿದಳು. ಮಹತ್ತಾದ ಲೋಕೋಪಯೋಗಿ ಸಂಸ್ಥೆಯೊಂದರ ಕಲ್ಪನೆ ಪಂಡಿತರ ಗೋಷ್ಠಿಯಲ್ಲಿ ಮೂಡದೆ ಹಸಿವನ್ನು ಕಂಡುಂಡವಳ ಬಾಯಿಂದ ಬಂತೆಂಬುದನ್ನು ನಾವು ಮರೆಯಬಾರದು.

ಸೇಂಟ್ ಮೇರಿ ಎಂಬ ಕ್ರೈಸ್ತ ದೇವಾಲಯದವರು ಪಾಳುಬಿದ್ದಿದ್ದ ಹಳೆಯ ಬೇಕರಿಯೊಂದನ್ನೂ 3,000 ಡಾಲರುಗಳನ್ನೂ ಒದಗಿಸಿದರು. ಸಂಸ್ಥೆ ಆ ದೇವಾಲಯದ ಹೆಸರನ್ನೇ ಹೊತ್ತು ಸೇಂಟ್ ಮೇರೀಸ್ ಫುಡ್ ಬ್ಯಾಂಕ್ ಆಯಿತು. ಮೊದಲ ವರ್ಷದಲ್ಲೇ 100 ಟನ್ನಿಗೂ ಮೀರಿದ ಆಹಾರ 36 ಸೇವಾಸಂಸ್ಥೆಗಳಿಗೆ ಹಂಚಿಹೋಯಿತು. 1970ರ ದಶಕದ ನಡುವಿನಲ್ಲಿ ಕೇಂದ್ರ ಸರ್ಕಾರದ ಸಹಾಯಧನ ದೊರೆತುದರಿಂದ ವ್ಯಾನ್ ಹೆಂಗಲ್ ಅವರು ಊರೂರು ತಿರುಗಿ ಇತರ ನಗರಗಳಿಗೂ ಈ ವಿದ್ಯೆಯನ್ನು ಕಲಿಸಿದರು. 1979ರಲ್ಲಿ ಸೆಕೆಂಡ್ ಹಾರ್ವೆಸ್ಟ್ ಎಂಬ ರಾಷ್ಟ್ರೀಯ ಒಕ್ಕೂಟ ರೂಪುಗೊಂಡಿತು. 2008ರಿಂದ ಫೀಡಿಂಗ್ ಅಮೆರಿಕ ಎಂಬ ಹೆಸರಿನಿಂದ ನಡೆಯುತ್ತಿರುವ ಈ ಒಕ್ಕೂಟದಲ್ಲಿ ಇಂದು ಸುಮಾರು 200 ಪ್ರಾದೇಶಿಕ ಆಹಾರ ಬ್ಯಾಂಕುಗಳಿವೆ.

ಇಷ್ಟೊಂದು ಆಹಾರ ಮಿಗುವುದಾದರೂ ಹೇಗೆ? ತೂಕದಲ್ಲಿ ಸ್ವಲ್ಪ ವ್ಯತ್ಯಾಸವಾದ ಪೊಟ್ಟಣ, ಹೆಸರಿನ ಚೀಟಿ ತಪ್ಪಾಗಿ ಅಂಟಿದ ಸೀಸೆ, ಸಾಗಣೆಯಲ್ಲಿ ನೆಗ್ಗಿದ ಡಬ್ಬಿ, ಹಬ್ಬ ಮುಗಿದ ಮೇಲೆ ಉಳಿದ ಹಬ್ಬದ ತಿನಿಸು, ಇವೆಲ್ಲ ಮಾರಾಟಕ್ಕೆ ನಿರುಪಯುಕ್ತವಾದರೂ ಊಟಕ್ಕೆ ಸರ್ವಥಾ ಯೋಗ್ಯವಾದವು. ಪೊಟ್ಟಣದ ಮೇಲಿನ ದಿನಾಂಕದ ವಿಷಯವಂತೂ ಇನ್ನೂ ವಿಚಿತ್ರವಾದುದು: ಎಳೆಯ ಶಿಶುಗಳ ಹಾಲಿನ ಪುಡಿಯೊಂದನ್ನು ಬಿಟ್ಟರೆ ಬೇರೆ ಯಾವ ಪದಾರ್ಥಕ್ಕೂ ಅಂಥ ದಿನಾಂಕವನ್ನು ಅಮೆರಿಕದ ಕೇಂದ್ರ ಶಾಸನ ವಿಧಿಸಿಲ್ಲ, ಅದು ಬಹುಮಟ್ಟಿಗೆ ರುಚಿ ಯಾವಾಗ ಅತ್ಯುತ್ತಮವಾಗಿರುತ್ತದೆಂದು ತಯಾರಕನೇ ಊಹಿಸಿ ಅಚ್ಚಿಸಿದ ಗುರುತಾಗಿದ್ದರೂ, ಕೊಳ್ಳುವವರು ಅದನ್ನು ಪದಾರ್ಥ ವಿಷವಾಗುವ ಗಡುವೆಂದು ಬಗೆಯುವುದರಿಂದ ತಿನ್ನಲರ್ಹವಾದ ರಾಶಿ ರಾಶಿ ಆಹಾರ ಅಂಗಡಿಗಳಿಂದ ಹೊರಬೀಳುತ್ತದೆ. ಇದನ್ನು ದಾನವಾಗಿ ಕೊಡುವ ವ್ಯಾಪಾರಿಗೆ ತೆರಿಗೆಯಲ್ಲಿ ರಿಯಾಯಿತಿ ದೊರೆಯುವಂತೆ 1976ರ ಶಾಸನ ಅನುಕೂಲ ಮಾಡಿತು. ಕೊಟ್ಟದ್ದನ್ನು ತಿಂದು ಯಾರಿಗಾದರೂ ತೊಂದರೆಯಾದರೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದೀತೆಂಬ ಭಯವನ್ನು, 1996ರಲ್ಲಿ, ಅದೇ ವರ್ಷ ತೀರಿಕೊಂಡ ಮಿಸೌರಿಯ ಪ್ರತಿನಿಧಿ ಬಿಲ್ ಎಮರ್ಸನ್ ಅವರ ಹೆಸರಿನಲ್ಲಿ ಬಂದ ಕಾಯಿದೆ ನಿವಾರಿಸಿತು; ಸದ್ಭಾವದಿಂದ ಕೊಟ್ಟವನು ಘೋರವಾದ ಅಲಕ್ಷ್ಯವನ್ನಾಗಲಿ ಬುದ್ಧಿಪೂರ್ವಕ ದುಷ್ಕೃತ್ಯವನ್ನಾಗಲಿ ಎಸಗಿರದಿದ್ದರೆ ಅವನ ಮೇಲೆ ಹೊಣೆ ಹೊರಿಸುವಂತಿಲ್ಲ. ದಾನಬುದ್ಧಿ ಜನರಲ್ಲಿ ಎಷ್ಟೇ ಇದ್ದರೂ ಅದು ಹರಿಯುವುದಕ್ಕೆ ಶಾಸನವು ಕಾಲುವೆ ತೋಡಿಕೊಡಬೇಕಾಗುತ್ತದೆ. ಸರ್ಕಾರದ ಖಜಾನೆಯಿಂದಲೂ ಆಹಾರ ಬರುವುದುಂಟು: ಹಾಲಿನ ಬೆಲೆಯನ್ನು ಕಾಪಾಡಲೆಂದು ಸರ್ಕಾರ ಕೊಂಡು ಶೇಖರಿಸಿದ್ದ ಚೀಸಿನಲ್ಲಿ ಮೂರು ಕೋಟಿ ಪೌಂಡುಗಳನ್ನು 1981ರ ಡಿಸೆಂಬರಿನಲ್ಲಿ ಅಧ್ಯಕ್ಷ ರೇಗನ್ ಬಡವರಿಗಾಗಿ ಬಿಡುಗಡೆ ಮಾಡಿದರು, ತಾತ್ಕಾಲಿಕವೆಂದು ತೊಡಗಿದ ಆ ವ್ಯವಸ್ಥೆ ಇಂದಿಗೂ ನಿಂತಿಲ್ಲ.

ಸೇಂಟ್ ಮೇರೀಸ್ ಸಂಸ್ಥೆಯ ಸೇವಾಕ್ಷೇತ್ರ ಅರಿಜೋನಾದ 15 ಕೌಂಟಿಗಳಲ್ಲಿ 9ನ್ನು ವ್ಯಾಪಿಸಿದ್ದು, ವಿಸ್ತಾರದಲ್ಲಿ ಹೆಚ್ಚುಕಡಮೆ ನಮ್ಮ ಕರ್ನಾಟಕದಷ್ಟಾಗುತ್ತದೆ. ಇಷ್ಟು ದೊಡ್ಡ ನೆಲದಲ್ಲಿ ಮನೆಮನೆಗೂ ತಾನೇ ಹೋಗಿ ಹಂಚುವುದು ಯಾವ ಸಂಸ್ಥೆಗೂ ಅಸಾಧ್ಯವಾದುದರಿಂದ, ಆಹಾರ ಬ್ಯಾಂಕು ಸಗಟು ವ್ಯಾಪಾರಿಯ ಸ್ಥಾನದಲ್ಲಿ ನಿಂತು, ದೇವಾಲಯಗಳ ವಿತರಣ ಕೇಂದ್ರಗಳು, ಅನ್ನಛತ್ರಗಳು, ನಿರಾಶ್ರಿತರ ವಸತಿಗಳು, ಶಾಲೆಗಳು ಮೊದಲಾದ ನೂರಾರು ಕಿರುಸಂಸ್ಥೆಗಳ ಮೂಲಕ ಕೆಲಸ ನಡೆಸುತ್ತದೆ. ಲಾರಿಗಳಲ್ಲಿ ಬಂದಿಳಿದ ಸರಕನ್ನು ತೂಗಿ ಬರೆದುಕೊಂಡು, ಸ್ವಯಂಸೇವಕರು ಒಂದೊಂದು ಡಬ್ಬಿಯನ್ನೂ ಕೈಯಲ್ಲಿ ಹಿಡಿದು ಪರೀಕ್ಷಿಸಿ, ಉಬ್ಬಿದ್ದನ್ನೂ ಸೋರುವುದನ್ನೂ ಬೇರ್ಪಡಿಸಿ, ಉಳಿದುದನ್ನು ಶೀತಲ ಕೊಠಡಿಗಳಿಗೂ ಒಣ ಉಗ್ರಾಣಕ್ಕೂ ಸೇರಿಸುತ್ತಾರೆ. ಚಳಿಗಾಲದಲ್ಲಿ ಅಮೆರಿಕ ತಿನ್ನುವ ಸೊಪ್ಪು ತರಕಾರಿಯ ಬಹುಪಾಲು ಇದೇ ರಾಜ್ಯದ ಯೂಮಾ ಎಂಬಲ್ಲಿ ಬೆಳೆಯುತ್ತದೆ; ಮೆಕ್ಸಿಕೊದಿಂದ ಬರುವ ಟೊಮೇಟೊ, ಸೌತೆ, ದೊಣ್ಣೆಮೆಣಸಿನಕಾಯಿಗಳ ಲಾರಿಗಳು ನೋಗಾಲೆಸ್ ಗಡಿಯನ್ನು ದಾಟುತ್ತವೆ. ಪೇಟೆಯಲ್ಲಿ ಬೆಲೆ ಕುಸಿದಾಗ ಮಾರಾಟವಾಗದೆ ಉಳಿಯುವ ಈ ಹಸಿಯ ಪದಾರ್ಥ ನಾಲ್ಕಾರು ದಿನಗಳೊಳಗೆ ಉಣ್ಣುವವರನ್ನು ಮುಟ್ಟದಿದ್ದರೆ ಮಣ್ಣುಪಾಲಾಗುವುದರಿಂದ, ಕರುಣೆಗಿಂತ ಹೆಚ್ಚಾಗಿ ಇಲ್ಲಿ ಬೇಕಾಗುವುದು ಸಮಯಪಾಲನೆ, ಲೆಕ್ಕ, ಮತ್ತು ತಂಪುಪೆಟ್ಟಿಗೆಯುಳ್ಳ ವಾಹನ. ಉತ್ತರದಲ್ಲಿ ನವಾಹೊ, ಹೋಪಿ ಎಂಬ ಮೂಲನಿವಾಸಿ ಜನಾಂಗಗಳ ನೆಲವಿದೆ; ವಿಶಾಲವಾದ ಆ ಪ್ರದೇಶದಲ್ಲಿ ದಿನಸಿ ಅಂಗಡಿಗಳು ಬೆರಳೆಣಿಕೆಯಷ್ಟೇ ಇದ್ದು, ಒಂದು ಚೀಲ ತರಕಾರಿಗೆ ಗಂಟೆಗಟ್ಟಲೆ ಪ್ರಯಾಣ ಮಾಡಬೇಕಾದ ಕುಟುಂಬಗಳಿರುವುದರಿಂದ, ಅಲ್ಲಿಗೆ ವಾಹನವೇ ಅಂಗಡಿಯಾಗಿ ಹೋಗಬೇಕಾಗುತ್ತದೆ.

ಒಂದು ಬ್ಯಾಂಕಿಗೆ ಬಂದದ್ದು ಆ ಪ್ರದೇಶಕ್ಕೆ ಬೇಕಾದದ್ದೇ ಆಗಿರುತ್ತದೆಯೆಂಬ ಭರವಸೆಯಿಲ್ಲ. ರಾಷ್ಟ್ರೀಯ ಒಕ್ಕೂಟಕ್ಕೆ ದೊಡ್ಡ ಕಾರ್ಖಾನೆಗಳು ಕೊಟ್ಟ ಲಾರಿಗಟ್ಟಲೆ ಸರಕನ್ನು ಹಿಂದೆ ಸರದಿಯ ಪ್ರಕಾರ ಹಂಚುತ್ತಿದ್ದರು. ಎಲ್ಲವನ್ನೂ ತೂಕದಿಂದಲೇ ಅಳೆಯುತ್ತಿದ್ದುದರಿಂದ ಒಂದು ಪೌಂಡು ಆಲೂಗಡ್ಡೆಗೂ ಒಂದು ಪೌಂಡು ಕಡಲೆಕಾಯಿ ಬೆಣ್ಣೆಗೂ ಭೇದವಿರಲಿಲ್ಲ, ತರಕಾರಿ ಹೇರಳವಾಗಿದ್ದ ಊರಿಗೆ ಇನ್ನಷ್ಟು ತರಕಾರಿ ಹೋಗುವುದೂ ಇತ್ತು. 2005ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರಜ್ಞ ಕ್ಯಾನಿಸ್ ಪ್ರೆಂಡರ್‌ಗಾಸ್ಟ್ ಮತ್ತು ಅವರ ಸಹೋದ್ಯೋಗಿಗಳ ನೆರವಿನಿಂದ ಒಕ್ಕೂಟದವರು ಇದಕ್ಕೆ ಬದಲಾಗಿ ಒಂದು ಹರಾಜಿನ ಪದ್ಧತಿಯನ್ನು ಜಾರಿಗೆ ತಂದರು. ಆಯಾ ಪ್ರದೇಶದ ಬಡತನಕ್ಕೆ ಅನುಗುಣವಾಗಿ ಪ್ರತಿಯೊಂದು ಬ್ಯಾಂಕಿಗೂ ಕೃತಕ ನಾಣ್ಯ ಸಲ್ಲುತ್ತದೆ; ದಿನಕ್ಕೆರಡು ಬಾರಿ ನಡೆಯುವ ಹರಾಜಿನಲ್ಲಿ ತಮಗೆ ಬೇಕಾದ ಲಾರಿಯ ಮೇಲೆ ಅವರು ಅದನ್ನು ಕಟ್ಟುತ್ತಾರೆ; ವ್ಯಯವಾದ ನಾಣ್ಯ ಅದೇ ರಾತ್ರಿ ಮತ್ತೆ ಎಲ್ಲರಿಗೂ ಹಂಚಿಹೋಗುತ್ತದೆ. ಬೇಗ ಕೆಡುವ ತರಕಾರಿ ಬೆಲೆಯೇ ಇಲ್ಲವೆಂಬಷ್ಟು ಅಗ್ಗವಾಗಿ ದೊರೆಯಿತು, ಬಹುಕಾಲ ಉಳಿಯುವ, ಬೆಳಗಿನ ಉಪಾಹಾರದ ಧಾನ್ಯದ ತಿನಿಸಿಗೆ ಭಾರಿ ಬೆಲೆ ಬಂತು. ದಾನಿಗಳು ವಿರಳವಾದ ಬಡ ಪ್ರದೇಶದ ಬ್ಯಾಂಕು ಅಗ್ಗದ ಸರಕನ್ನು ಹೇರಳವಾಗಿ ಪಡೆಯಿತು, ಸ್ಥಳೀಯ ದಾನ ಸಾಕಷ್ಟಿದ್ದದ್ದು ತನ್ನಲ್ಲಿಲ್ಲದ ಒಂದೆರಡು ಪದಾರ್ಥಗಳಿಗಾಗಿ ನಾಣ್ಯವನ್ನು ಕೂಡಿಟ್ಟಿತು. ಸಂತೆಯ ನೀತಿಯನ್ನು ದಾನದ ಅಂಗಳಕ್ಕೆ ತರುವುದು ಸಲ್ಲದೆಂದು ಆರಂಭದಲ್ಲಿ ಆಕ್ಷೇಪಿಸಿದವರು ಒಕ್ಕೂಟದೊಳಗೇ ಇದ್ದರು, ಮತ್ತು ಅವರ ಶಂಕೆ ಗೌರವಾರ್ಹವಾದುದೇ. ಆದರೆ ಇಲ್ಲಿ ನಾಣ್ಯವನ್ನು ಹಂಚಿದ್ದು ಹಸಿವಿನ ಪ್ರಮಾಣದಲ್ಲಿ, ಆದಕಾರಣ ಈ ಸಂತೆಯಲ್ಲಿ ಶ್ರೀಮಂತನಾಗುವವನು ಹೆಚ್ಚು ಹಸಿದವನೇ.

ಆಯ್ಕೆಯ ಈ ತತ್ತ್ವ ಈಗ ಉಣ್ಣುವವರ ವರೆಗೂ ಇಳಿದುಬಂದಿರುವುದನ್ನು ನಾನು ವಿಶೇಷವಾಗಿ ಸ್ವಾಗತಿಸುತ್ತೇನೆ. ಮೊದಲೇ ತುಂಬಿಟ್ಟ ಪೆಟ್ಟಿಗೆಯನ್ನು ಕೈಗಿಡುವ ಕ್ರಮದಲ್ಲಿ, ಮಧುಮೇಹದ ಮುದುಕನಿಗೆ ಸಿಹಿತಿಂಡಿಯೂ, ಒಲೆಯಿಲ್ಲದವನಿಗೆ ಹಸಿಯ ಬೇಳೆಯೂ ಸಲ್ಲಬಹುದಾಗಿತ್ತು. ಅನೇಕ ವಿತರಣ ಕೇಂದ್ರಗಳು ಆ ಕ್ರಮವನ್ನು ಬಿಟ್ಟು, ಅಂಗಡಿಯಲ್ಲಿದ್ದಂತೆ ಸಾಲುಗಳಲ್ಲಿ ಪದಾರ್ಥಗಳನ್ನಿಟ್ಟು, ಬಂದವರು ತಮಗೆ ಬೇಕಾದುದನ್ನು ತಾವೇ ಆರಿಸಿಕೊಳ್ಳುವಂತೆ ಮಾಡಿವೆ. ಬೇಡದುದು ವ್ಯರ್ಥವಾಗದಿರುವುದು ಒಂದು ಲಾಭ; ಬಡತನ ಬಂದ ಮಾತ್ರಕ್ಕೆ ತನ್ನ ರುಚಿಯನ್ನೂ ವಿವೇಚನೆಯನ್ನೂ ಒಪ್ಪಿಸಿಬಿಡಬೇಕಾಗಿಲ್ಲವೆಂಬ ಸಮಾಧಾನ ಅದಕ್ಕಿಂತ ದೊಡ್ಡದು.

ಇಷ್ಟಾದರೂ ಆಹಾರ ಬ್ಯಾಂಕಿಗೆ ಅದರ ಶಕ್ತಿಗೆ ಮೀರಿದ ಭಾರವನ್ನು ಹೊರಿಸಬಾರದು. ನಮ್ಮಲ್ಲಿ 2013ರ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಆದ್ಯತಾ ಕುಟುಂಬದ ಒಬ್ಬೊಬ್ಬ ಸದಸ್ಯನಿಗೂ ತಿಂಗಳಿಗೆ 5 ಕಿಲೋ ಧಾನ್ಯ ನ್ಯಾಯಬೆಲೆ ಅಂಗಡಿಯಲ್ಲಿ ಹಕ್ಕಾಗಿ ಸಲ್ಲುವಂತೆ, ಅಮೆರಿಕದಲ್ಲಿ 1964ರ ಶಾಸನದಿಂದ ಭದ್ರವಾದ ಫುಡ್ ಸ್ಟಾಂಪ್ ಪದ್ಧತಿ, ಈಗ ಸ್ನ್ಯಾಪ್ ಎಂಬ ಹೆಸರಿನಿಂದ, ಬಡವರ ಕಾರ್ಡಿಗೆ ತಿಂಗಳ ಮೊತ್ತವನ್ನು ತುಂಬುತ್ತದೆ. ಆಹಾರ ಬ್ಯಾಂಕುಗಳು ಒಂದು ಊಟವನ್ನು ಒದಗಿಸಿದರೆ ಸ್ನ್ಯಾಪ್ ಒಂಬತ್ತು ಊಟಗಳನ್ನು ಒದಗಿಸುತ್ತದೆಂದು ಫೀಡಿಂಗ್ ಅಮೆರಿಕವೇ ಲೆಕ್ಕ ಹೇಳುತ್ತ ಬಂದಿದೆ. ಕಾರ್ಡಿನ ಹಣ ತೀರಿದ ತಿಂಗಳ ಕೊನೆಯ ವಾರದಲ್ಲಿ ವಿತರಣ ಕೇಂದ್ರದ ಸರದಿ ಬೆಳೆಯುತ್ತದೆ. ಶಾಲೆಯ ಊಟ ನಿಲ್ಲುವ ಬೇಸಗೆಯ ರಜೆಯಲ್ಲಿ ಮಕ್ಕಳು ಬರುತ್ತಾರೆ. 2020ರ ವಸಂತದಲ್ಲಿ ಕೊರೋನಾ ಪಿಡುಗು ಉದ್ಯೋಗಗಳನ್ನು ಕಿತ್ತುಕೊಂಡಾಗ ಫೀನಿಕ್ಸಿನ ಉಗ್ರಾಣದ ಮುಂದೆ ಕಾರುಗಳ ಸಾಲು ಬೆಳೆದು, ವೃದ್ಧ ಸ್ವಯಂಸೇವಕರು ಮನೆಯಲ್ಲುಳಿಯಬೇಕಾಗಿ ಬಂದು, ಪೆಟ್ಟಿಗೆ ತುಂಬುವುದಕ್ಕೆ ರಾಜ್ಯದ ನ್ಯಾಷನಲ್ ಗಾರ್ಡ್ ಯೋಧರೇ ನಿಂತರು. ಜಾನೆಟ್ ಪಾಪೆಂಡಿಕ್ ಎಂಬ ಸಮಾಜಶಾಸ್ತ್ರಜ್ಞೆ 1998ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ, ದಾನದ ಈ ಸೊಗಸಾದ ಏರ್ಪಾಟು ನಾಗರಿಕರ ಮನಸ್ಸಾಕ್ಷಿಯನ್ನು ತಣಿಸಿ, ಅನ್ನವು ಹಕ್ಕೆಂಬ ವಿಚಾರವನ್ನೇ ಹಿಂದಕ್ಕೆ ತಳ್ಳುತ್ತದೆಯೆಂದು ವಾದಿಸಿದರು. ಈ ವಾದದಲ್ಲಿ ತಿರುಳಿದೆ; ಆದರೆ ಹಕ್ಕು ಪೂರ್ಣವಾಗಿ ಕೈಸೇರುವ ವರೆಗೂ ಇಂದಿನ ಮಗುವಿನ ಇಂದಿನ ಊಟ ಕಾಯಲಾರದೆಂಬುದೂ ಅಷ್ಟೇ ದಿಟ, ಮತ್ತು ಸ್ನ್ಯಾಪ್ ಅರ್ಜಿಯನ್ನು ತುಂಬಿಕೊಡುವ ಕೆಲಸವನ್ನೂ ಇಂದು ಅನೇಕ ಆಹಾರ ಬ್ಯಾಂಕುಗಳು ತಾವೇ ಕೈಗೊಂಡಿವೆ.

ಕೆನಡದ ಎಡ್ಮಂಟನ್ನಿನಲ್ಲಿ 1981ರಲ್ಲಿಯೂ ಪ್ಯಾರಿಸಿನಲ್ಲಿ 1984ರಲ್ಲಿಯೂ ಈ ಪದ್ಧತಿ ಬೇರೂರಿತು. ವ್ಯಾನ್ ಹೆಂಗಲ್ ಅವರು 2005ರಲ್ಲಿ ನಿಧನರಾದರು. ಆಹಾರ ಬ್ಯಾಂಕಿನ ಈ ಪದ್ಧತಿಯನ್ನು ಬೆಂಗಳೂರಿಗೆ ಯಥಾವತ್ತಾಗಿ ತರಬಯಸುವವರು ಗಮನಿಸಬೇಕಾದ ಭೇದವೊಂದುಂಟು. ಫೀನಿಕ್ಸಿನಲ್ಲಿ ಮಿಗುವುದು ಬಹುಪಾಲು ಪೊಟ್ಟಣ ಕಟ್ಟಿದ ಅಥವಾ ಹಸಿಯ ಪದಾರ್ಥ. ನಮ್ಮ ಕಲ್ಯಾಣಮಂಟಪಗಳಲ್ಲಿ ಮಿಗುವುದು ಬೇಯಿಸಿದ ಅನ್ನ, ಹುಳಿ, ಪಲ್ಯ, ಪಾಯಸ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು 2012ರಲ್ಲಿ ಮಾಡಿದ ಸಮೀಕ್ಷೆ, ನಗರದ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಆಹಾರ ಹಾಳಾಗುತ್ತದೆಂದು ಅಂದಾಜು ಮಾಡಿತು. ಮಧ್ಯಾಹ್ನದ ಪಂಕ್ತಿಯೆದ್ದ ನಾಲ್ಕಾರು ಗಂಟೆಗಳಲ್ಲಿ ಹಳಸುವ ಈ ಅನ್ನವನ್ನು ಉಗ್ರಾಣದಲ್ಲಿಟ್ಟು ನಿಧಾನವಾಗಿ ಹಂಚುವಂತಿಲ್ಲ. ಅದಕ್ಕೆ ಬೇಕಾದುದು ಮುಚ್ಚಳ ಬಿಗಿಯಾದ ಕೊಳಗಗಳು, ಮಂಟಪದ ಹಿಂಬಾಗಿಲಲ್ಲಿ ಸಿದ್ಧವಾಗಿ ನಿಂತ ವಾಹನ, ಮತ್ತು ಪಂಕ್ತಿ ಮುಗಿಯುವ ಮೊದಲೇ ಅಡಿಗೆಯವರಿಂದ ಬರುವ ಒಂದು ದೂರವಾಣಿ ಕರೆ.