ಈಟಿ ಕೊಲ್ಲುತ್ತದೆ, ತಡೆಯುವುದಿಲ್ಲ

ಹೆಬ್ಬಗೋಡಿಯಿಂದ ಬೊಮ್ಮಸಂದ್ರ, ಜಿಗಣಿ ದಾಟಿ ಬನ್ನೇರುಘಟ್ಟಕ್ಕೆ ಹೋಗಿ ಸಫಾರಿ ಬಸ್ಸು ಹತ್ತಿದವರು ಸಿಂಹವನ್ನು ನೋಡುವುದು ಕಿಟಕಿಯ ಜಾಲರಿಯ ಈಚೆಯಿಂದ. ಅಂಥ ಪ್ರಾಣಿಯನ್ನು ಕೀನ್ಯಾ, ತಾಂಜಾನಿಯಾದ ಮಸಾಯಿ ಬುಡಕಟ್ಟಿನ ಹುಡುಗರು ಬರೀ ಈಟಿ ಹಿಡಿದು ಹೊಡೆಯುತ್ತಿದ್ದರು ಎಂದರೆ ಕತೆ ಎನಿಸುತ್ತದೆ. ಕತೆಯಲ್ಲ. ಆದರೆ ಅದು ಈಟಿಯೊಂದರ ಕೆಲಸವೂ ಅಲ್ಲ.

ಲೆಕ್ಕ ಹಾಕಿ ನೋಡಿ. ದೊಡ್ಡ ಗಂಡು ಸಿಂಹ ಸುಮಾರು 150ರಿಂದ 225 ಕೆ.ಜಿ. ತೂಗುತ್ತದೆ. ಎರಗಿ ಬರುವಾಗ ಗಂಟೆಗೆ 50 ಕಿ.ಮೀ. ವೇಗ ಅದಕ್ಕೆ ದೊಡ್ಡದಲ್ಲ. ಅಂದರೆ ಸೆಕೆಂಡಿಗೆ 14 ಮೀಟರ್. ಇಪ್ಪತ್ತು ಮೀಟರ್ ದೂರದಲ್ಲಿ ನಿಂತವನಿಗೆ ಸಿಗುವುದು ಒಂದೂವರೆ ಸೆಕೆಂಡು, ಒಂದೇ ಎಸೆತ. ಅದು ನಾಟಿದರೂ ಸಿಂಹ ನಿಂತಲ್ಲೇ ಬೀಳುವುದಿಲ್ಲ. ಅಲಗು ಕೊಲ್ಲುವುದು ರಕ್ತ ಹರಿಸಿ, ಶ್ವಾಸಕೋಶ ಸೀಳಿ. ಅಷ್ಟರೊಳಗೆ ಉಗುರು, ಕೋರೆ ತಮ್ಮ ಕೆಲಸ ಮುಗಿಸಿರುತ್ತವೆ. ಹಾಗಾಗಿ ಜಾಣ್ಮೆಯೆಲ್ಲ ಇರುವುದು ಸಾಯುವವರೆಗೆ ಸಿಂಹವನ್ನು ಹಿಡಿದಿಡುವವರು ಯಾರು ಎಂಬುದರಲ್ಲಿ.

ಮಸಾಯಿ ಈಟಿಯಲ್ಲಿ ಮೂರು ಭಾಗ. ಮುಂದೆ ಉದ್ದನೆಯ ಕಿರಿದಾದ ಅಲಗು, ನಡುವೆ ಮುಷ್ಟಿಗೆ ಸಿಗುವಷ್ಟೇ ಮರದ ಕಾವು, ಹಿಂದೆ ಮತ್ತೊಂದು ಕಬ್ಬಿಣದ ಸರಳು. ಹಿಂದಿನ ಸರಳು ಅಲಂಕಾರಕ್ಕಲ್ಲ. ಮುಂದಿನ ಅಲಗಿನ ಭಾರಕ್ಕೆ ಅದು ಸಮತೂಕ. ಅದಿಲ್ಲದಿದ್ದರೆ ಎಸೆದ ಈಟಿಯ ಮೂತಿ ಬೇಗ ನೆಲಕ್ಕೆ ಬಾಗುತ್ತದೆ. ವಿಶ್ರಾಂತಿಯ ಹೊತ್ತಿನಲ್ಲಿ ಈಟಿಯನ್ನು ನೆಲಕ್ಕೆ ನೆಡುವುದೂ ಅದರಿಂದಲೇ. ಇದನ್ನೆಲ್ಲ ಬಡಿದು ಕೊಡುವವರು ಇಲ್ಕುನೊನೊ ಎಂಬ ಕಮ್ಮಾರ ಮನೆತನದವರು. ಈಚಿನ ಕಾಲದಲ್ಲಿ ಅವರ ಕುಲುಮೆಗೆ ಹಳೇ ಗಾಡಿಗಳ ಕಮಾನು ಪಟ್ಟಿಯೂ ಬರುತ್ತದೆ. ಬೊಮ್ಮಸಂದ್ರದ ಶೆಡ್ಡುಗಳಲ್ಲಿ ಕೆಲಸ ಮಾಡಿದವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ: ಆ ಉಕ್ಕು ಬಾಗಿದರೂ ಮರಳುತ್ತದೆ, ಹದ ಹಿಡಿಸಿದರೆ ಮೊನೆ ನಿಲ್ಲುತ್ತದೆ. ನಮ್ಮ ಕಡೆ ಮಚ್ಚು, ಕುಡುಗೋಲಿಗೂ ಅದೇ ಪಟ್ಟಿ.

ಬೇಟೆ ಗುಂಪಿನದು. ಹುಡುಗರು ಸಿಂಹವನ್ನು ಸುತ್ತುವರಿದು ವಲಯ ಕಿರಿದು ಮಾಡುತ್ತ ಬರುತ್ತಾರೆ. ದಾರಿ ಕಾಣದ ಸಿಂಹ ಯಾರೋ ಒಬ್ಬನ ಮೇಲೆ ನುಗ್ಗುತ್ತದೆ. ಅವನು ಈಟಿ ಬಿಟ್ಟು ಕಾಡೆಮ್ಮೆ ಚರ್ಮದ ಗುರಾಣಿಯ ಅಡಿಗೆ ಕುಸಿಯುತ್ತಾನೆ. ಸಿಂಹ ಗುರಾಣಿಯ ಮೇಲೆ ಇರುವಷ್ಟು ಹೊತ್ತಿನಲ್ಲಿ ಉಳಿದವರ ಈಟಿಗಳು ಪಕ್ಕೆಗೆ ಇಳಿಯುತ್ತವೆ. ಸಿಂಹವನ್ನು ತಡೆಯುವುದು ಆ ಒಬ್ಬನ ಮೈ. ಸತ್ತ ಸಿಂಹದ ಕೇಸರದಿಂದ ಮಾಡುವ ಕಿರೀಟವೇನೋ ಮೊದಲ ಗಾಯ ಮಾಡಿದವನಿಗೆ. ಕೆಳಗೆ ಬಿದ್ದವನಿಗೂ ಅದರಲ್ಲಿ ಪಾಲಿರಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ನಮ್ಮಲ್ಲಿ ತಡೆಯುವ ಈ ಕೆಲಸವನ್ನು ಬಲೆಗೆ ಒಪ್ಪಿಸಿದ್ದರು. 19ನೇ ಶತಮಾನದ ಮೈಸೂರು ಸೀಮೆಯಲ್ಲಿ ದನ ಹಿಡಿಯುವ ಹುಲಿಯನ್ನು ಹಳ್ಳಿಯವರು ಹೀಗೆ ಹೊಡೆಯುತ್ತಿದ್ದರು. ಚಾಮರಾಜನಗರದ ಕಡೆ ಆನೆ ಹಿಡಿಯುವ ಖೆಡ್ಡಾ ನಡೆಸಿದ ಬ್ರಿಟಿಷ್ ಅಧಿಕಾರಿ ಸ್ಯಾಂಡರ್ಸನ್ 1878ರ ತನ್ನ ಪುಸ್ತಕದಲ್ಲಿ ಈ ಬೇಟೆಯನ್ನೂ ಬರೆದಿದ್ದಾನೆ. ವಯನಾಡಿನ ಚೆಟ್ಟಿಗಳಲ್ಲೂ ಈ ಪದ್ಧತಿಯಿತ್ತು. ಹುಲಿ ಮಲಗಿದ ಪೊದೆಯ ಸುತ್ತ ಗಟ್ಟಿ ಹಗ್ಗದ ಬಲೆ ಕಟ್ಟಿ, ತಮಟೆ ಬಡಿದು ಎಬ್ಬಿಸುವುದು. ಬಲೆಯನ್ನು ಬಿಗಿಯಾಗಿ ಕಟ್ಟಬಾರದು, ಸಡಿಲವಾಗಿ ಇಳಿಬಿಡಬೇಕು. ಬಿಗಿ ಬಲೆಯನ್ನು ಹುಲಿ ಹರಿದೀತು, ಸಡಿಲ ಬಲೆಯಲ್ಲಿ ಅದರ ಬಲವೇ ಅದನ್ನು ಸುತ್ತಿಕೊಳ್ಳುತ್ತದೆ. ಆಚೆ ನಿಂತವರು ಬಲೆಯ ಕಣ್ಣಿನೊಳಗಿಂದ ಈಟಿ ತೂರುತ್ತಾರೆ. ಇಲ್ಲಿ ಎಸೆಯುವ ಮಾತೇ ಇಲ್ಲ, ಕೈಬಿಟ್ಟ ಈಟಿ ಮತ್ತೆ ಸಿಗುವುದಿಲ್ಲ; ಆದ್ದರಿಂದ ಉದ್ದ ಕಾವಿನ ತಿವಿಯುವ ಈಟಿ ಬೇಕು.

ಮರ್ಯಾದೆ ಮಾತ್ರ ಎರಡೂ ಕಡೆ ಒಂದೇ ಥರ. ಕೊಡಗಿನಲ್ಲಿ ಹುಲಿ ಕೊಂದವನಿಗೆ ಮದುವೆಯಂತೆಯೇ ನರಿಮಂಗಲ (ಅಲ್ಲಿನ ಮಾತಿನಲ್ಲಿ ನರಿ ಎಂದರೆ ಹುಲಿ) ಮಾಡುತ್ತಿದ್ದರು.

ಭಾರತದಲ್ಲಿ 1972ರ ವನ್ಯಜೀವಿ ಕಾಯಿದೆ ಇದನ್ನೆಲ್ಲ ಮುಗಿಸಿತು. ಕೀನ್ಯಾ 1977ರಲ್ಲಿ ಬೇಟೆ ನಿಷೇಧಿಸಿತು. ಆದರೂ ಸಿಂಹದ ಬಾಯಿಗೆ ದನ ಸಿಕ್ಕಿ ಸತ್ತಾಗ ಅಲ್ಲಿ ಸೇಡಿನ ಈಟಿ ಏಳುತ್ತಿತ್ತು, ಈಗಲೂ ಪೂರ್ತಿ ನಿಂತಿಲ್ಲ. 2007ರಿಂದ ಕೀನ್ಯಾದ ಅಂಬೋಸೆಲಿ ಸುತ್ತ ಲಯನ್ ಗಾರ್ಡಿಯನ್ಸ್ ಎಂಬ ಸಂಸ್ಥೆ ಮಸಾಯಿ ಯೋಧರನ್ನೇ ಸಂಬಳಕ್ಕೆ ಇಟ್ಟುಕೊಂಡಿದೆ. ಹೆಜ್ಜೆ ಗುರುತಿನಿಂದಲೂ ರೇಡಿಯೋ ಕೊರಳಪಟ್ಟಿಯಿಂದಲೂ ಸಿಂಹದ ಜಾಡು ಹಿಡಿದು, ಅದು ಯಾವ ಕಡೆ ಇದೆ ಎಂದು ದನಗಾಹಿಗಳಿಗೆ ಮುಂಚೆಯೇ ತಿಳಿಸುವುದು ಅವರ ಕೆಲಸ. ಸಿಂಹ ಬೇಟೆಯ ಬದಲಿಗೆಂದು 2012ರಲ್ಲಿ ಶುರುವಾದ ಮಸಾಯಿ ಒಲಿಂಪಿಕ್ಸ್‌ನಲ್ಲಿ ಓಟ, ಎತ್ತರ ಜಿಗಿತದ ಜೊತೆಗೆ ಜಾವೆಲಿನ್ ಎಸೆತವೂ ಇದೆ. ಆ ಎಸೆತದಲ್ಲಿ ಅಳೆಯುವುದು ದೂರವನ್ನು ಮಾತ್ರ.